ಅಗ್ನಿವೀರನೋ, ಆಫೀಸರೋ: ಅರ್ಜಿ ಹಾಕುವ ಮೊದಲು ತೀರ್ಮಾನಿಸುವ ಕ್ರಮ

‘ಮೊದ್ಲು ಅಗ್ನಿವೀರ್ ಸೇರ್ತೀನಿ, ಆಮೇಲೆ ಪರೀಕ್ಷೆ ಬರೆದು ಆಫೀಸರ್ ಆಗ್ತೀನಿ’ ಎನ್ನುವ ಹುಡುಗರು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಯಾವ ಕಾಲೇಜಿಗೆ ಹೋದರೂ ಸಿಗುತ್ತಾರೆ. ‘ಡಿಗ್ರಿ ಮುಗೀಲಿ, ಎನ್‌ಡಿಎ ಬರೀತೀನಿ’ ಎನ್ನುವವರೂ ಅಷ್ಟೇ ಜನ ಇದ್ದಾರೆ. ಅಗ್ನಿವೀರ್ ಎಂದರೆ ನಾಲ್ಕು ವರ್ಷಕ್ಕೆ ಸೇರುವ ಸೈನಿಕ, ಎನ್‌ಡಿಎ ಎಂದರೆ ಪಿಯುಸಿ ಮಟ್ಟದಲ್ಲೇ ಆಫೀಸರ್ ತರಬೇತಿಗೆ ಆರಿಸುವ ಪರೀಕ್ಷೆ. ಮೊದಲನೆಯದು ಬಹುತೇಕ ಕೈಗೂಡುವುದಿಲ್ಲ, ಎರಡನೆಯದು ಸಾಧ್ಯವೇ ಇಲ್ಲ. ಸೈನಿಕನಾಗಿ ಸೇರುವುದು ಅಧಿಕಾರಿ ಹುದ್ದೆಗೆ ಮೊದಲ ಮೆಟ್ಟಿಲಲ್ಲ. ಎರಡಕ್ಕೂ ಬೇರೆ ಬೇರೆ ಬಾಗಿಲು, ಅವು ಮುಚ್ಚುವ ವಯಸ್ಸೂ ಬೇರೆ. ಬೇಗ ಮುಚ್ಚುವ ಬಾಗಿಲನ್ನು ಮೊದಲು ನೋಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಓಟದ ಅಭ್ಯಾಸದಿಂದ ಶುರು ಮಾಡಬೇಡಿ.

ಮುಂದೆ ಇಟ್ಟುಕೊಳ್ಳಬೇಕಾದ್ದು: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಟೈಲರ್ ಟೇಪು, ಕ್ಯಾಲೆಂಡರ್, ಒಂದು ನೋಟ್‌ಬುಕ್. ಜೊತೆಗೆ ಮನೆಯವರು ಕೂತು ಮಾತಾಡಲು ಒಂದು ಸಂಜೆ.

ಹಂತ 1: ಹುಟ್ಟಿದ ದಿನಾಂಕದಿಂದ ಶುರು ಮಾಡಿ

ಮುಖ್ಯ ವಯೋಮಿತಿಗಳು ಹೀಗಿವೆ. ಎನ್‌ಡಿಎಗೆ 16½ರಿಂದ 19½. ಪದವೀಧರರು ಬರೆಯುವ ಸಿಡಿಎಸ್ ಪರೀಕ್ಷೆಯ ಮೂಲಕ ಡೆಹ್ರಾಡೂನ್‌ನ ಸೇನಾ ಅಕಾಡೆಮಿ ಐಎಂಎಗೆ 19ರಿಂದ 24, ಅಲ್ಪಾವಧಿ ಸೇವೆಯ ಆಫೀಸರರನ್ನು ತಯಾರು ಮಾಡುವ ಓಟಿಎಗೆ 19ರಿಂದ 25. ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ಮೂಲ ನಿಯಮದಲ್ಲಿ 17½ರಿಂದ 21. ಆಯಾ ವರ್ಷದ ಅಧಿಸೂಚನೆಯಲ್ಲಿ ‘ಈ ದಿನಾಂಕದಿಂದ ಈ ದಿನಾಂಕದೊಳಗೆ ಹುಟ್ಟಿರಬೇಕು’ ಎಂದು ಕೊಟ್ಟಿರುವುದೇ ಅಂತಿಮ.

ಹೆಚ್ಚಿನವರು ಎಡವುವುದು ಇಲ್ಲೇ. ಎನ್‌ಡಿಎ, ಸಿಡಿಎಸ್ ಎರಡರಲ್ಲೂ ವಯಸ್ಸನ್ನು ಎಣಿಸುವುದು ತರಬೇತಿಯ ಹೊತ್ತಿಗೆ ನಿಗದಿಯಾದ ದಿನಕ್ಕೆ. ನೀವು ಅರ್ಜಿ ಹಾಕುವ ದಿನವಾಗಲಿ, ಪರೀಕ್ಷೆ ಬರೆಯುವ ದಿನವಾಗಲಿ ಲೆಕ್ಕಕ್ಕಿಲ್ಲ. ಏಪ್ರಿಲ್‌ನಲ್ಲಿ ಬರೆಯುವ ಎನ್‌ಡಿಎಗೆ ತರಬೇತಿ ಮುಂದಿನ ಜನವರಿಯಲ್ಲಿ. ಸೆಪ್ಟೆಂಬರ್‌ನದಕ್ಕೆ ಮುಂದಿನ ಜುಲೈನಲ್ಲಿ.

ಒಂದು ಲೆಕ್ಕ ಬಿಡಿಸಿ ನೋಡೋಣ. ಹುಡುಗ ಹುಟ್ಟಿದ್ದು 15 ಆಗಸ್ಟ್ 2008, ದ್ವಿತೀಯ ಪಿಯುಸಿ 2025–26ರಲ್ಲಿ. ಅವನಿಗೆ 19½ ತುಂಬುವುದು 2028ರ ಫೆಬ್ರವರಿಯಲ್ಲಿ. ಹಾಗಾದರೆ ಅವನು ಹೋಗಬಹುದಾದ ಕೊನೆಯ ತರಬೇತಿ 2028ರ ಜನವರಿಯದು, ಅದಕ್ಕೆ ಬರೆಯಬೇಕಾದ ಪರೀಕ್ಷೆ 2027ರ ಏಪ್ರಿಲ್‌ನದು. ಆಗ ಅವನಿಗೆ ಬರೀ 18 ವರ್ಷ 8 ತಿಂಗಳು. ‘ಹತ್ತೊಂಬತ್ತೂವರೆ ತನಕ ಟೈಮಿದೆ’ ಎಂದು ಕೂತರೆ ಗೊತ್ತಾಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಪಿಯುಸಿ ಓದುತ್ತಿರುವಾಗಲೇ ಬರೆಯಬಹುದಾದ್ದರಿಂದ ಅವನಿಗೆ ಸಿಗುವುದು ಒಟ್ಟು ನಾಲ್ಕು ಅವಕಾಶ: 2025ರ ಸೆಪ್ಟೆಂಬರ್, 2026ರ ಏಪ್ರಿಲ್, 2026ರ ಸೆಪ್ಟೆಂಬರ್, 2027ರ ಏಪ್ರಿಲ್.

ಇದೇ ಹುಡುಗ ಅಗ್ನಿವೀರನಾದರೆ? 2027ರ ಮಧ್ಯದಲ್ಲಿ ಸೇರಿದರೆ ನಾಲ್ಕು ವರ್ಷ ಮುಗಿಸಿ 2031ರ ಮಧ್ಯಕ್ಕೆ ಹೊರಗೆ. ಅಷ್ಟರೊಳಗೆ ಪದವಿಯೂ ಕೈಯಲ್ಲಿದ್ದರೆ ಐಎಂಎಗೆ ಒಂದು ಸಲ, ಓಟಿಎಗೆ ಮೂರು ಸಲ ಪ್ರಯತ್ನಿಸಬಹುದು. 2029ರ ಆರಂಭದಲ್ಲಿ, ಇಪ್ಪತ್ತೂವರೆಗೆ ಸೇರಿದನೆಂದರೆ 2033ರಲ್ಲಿ ಹೊರಗೆ ಬರುವ ಹೊತ್ತಿಗೆ ಸಿಡಿಎಸ್‌ನ ಎರಡೂ ದಾರಿ ಮುಗಿದಿರುತ್ತವೆ. ಸೇವೆಯ ನಡುವೆ ಪರೀಕ್ಷೆ ಬರೆಯಲು ಅನುಮತಿಯೂ ರಜೆಯೂ ಬೇಕು, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ನಿಮ್ಮ ಹುಟ್ಟಿದ ದಿನಾಂಕಕ್ಕೆ ಇದೇ ಲೆಕ್ಕವನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ. ಬರೆಯದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಅಂಕಪಟ್ಟಿ ಯಾವ ಬಾಗಿಲಿಗೆ ಸಾಕು

ಅಗ್ನಿವೀರ್ ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಬೇಕು. ನಮ್ಮ 625ರ ಲೆಕ್ಕದಲ್ಲಿ 282 ಅಂಕ. ಕ್ಲರ್ಕ್ ಮತ್ತು ಸ್ಟೋರ್ ಕೀಪರ್‌ಗೆ ದ್ವಿತೀಯ ಪಿಯುಸಿಯಲ್ಲಿ ಶೇ. 60, ಅಂದರೆ 600ಕ್ಕೆ 360, ಪ್ರತಿ ವಿಷಯದಲ್ಲಿ 50. ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನದಲ್ಲಿ ಶೇ. 50, ಪ್ರತಿ ವಿಷಯದಲ್ಲಿ 40. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಅಥವಾ ಡಿಪ್ಲೊಮಾ ಇದ್ದವರಿಗೂ ಅವಕಾಶವಿದೆ. ಟ್ರೇಡ್ಸ್‌ಮನ್ ಹುದ್ದೆಗಳಲ್ಲಿ ಕೆಲವಕ್ಕೆ ಎಂಟನೇ ತರಗತಿ, ಉಳಿದವಕ್ಕೆ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು.

ಇನ್ನು ಆಫೀಸರ್ ಕಡೆ. ಎನ್‌ಡಿಎಗೆ ಸೈನ್ಸೇ ಓದಿರಬೇಕು ಎಂಬ ಮಾತು ಊರೂರಲ್ಲಿ ಹಬ್ಬಿದೆ, ಅದು ಅರ್ಧ ಸತ್ಯ. ನೌಕಾಪಡೆ ಮತ್ತು ವಾಯುಪಡೆಗೆ ವಿಜ್ಞಾನ ಬೇಕೇ ಬೇಕು. ಭೂಸೇನೆಯ ವಿಭಾಗಕ್ಕೆ ಕಲಾ, ವಾಣಿಜ್ಯದವರೂ ಅರ್ಹರು. ಇಂತಿಷ್ಟು ಶೇಕಡಾ ಎಂಬ ನಿಯಮವೂ ಇಲ್ಲ, ಪಿಯುಸಿ ಪಾಸಾದರೆ ಸಾಕು. ಆದರೆ ಪರೀಕ್ಷೆಯಲ್ಲಿ ಗಣಿತಕ್ಕೆ 300 ಅಂಕ ಇರುವುದರಿಂದ ಕಲಾ ವಿಭಾಗದವರು ಗಣಿತವನ್ನು ಹೊಸದಾಗಿ ಕೂತು ಕಲಿಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಗಟ್ಟಿಯಾಗಿದ್ದವರಿಗೆ ಇದು ಒಂದು ವರ್ಷದ ಕೆಲಸ.

ಪಿಯುಸಿಯ ಭೌತ, ರಸಾಯನ, ಗಣಿತ ಮೂರೂ ಸೇರಿ ಶೇ. 60 ದಾಟಿದವರಿಗೆ ಟಿಇಎಸ್ (ಭೂಸೇನೆಯ ತಾಂತ್ರಿಕ ಆಫೀಸರ್ ಪ್ರವೇಶ) ಎಂಬ ದಾರಿ ಇದೆ. ಲಿಖಿತ ಪರೀಕ್ಷೆ ಇಲ್ಲ, ಆದರೆ ಆ ವರ್ಷ ಜೆಇಇ ಮೇನ್ ಬರೆದಿರಲೇಬೇಕು. ಸಿಇಟಿ ಒಂದನ್ನೇ ಬರೆದು ಸುಮ್ಮನಾದವರಿಗೆ ಇದು ತಪ್ಪಿ ಹೋಗುತ್ತದೆ. ಎಂಜಿನಿಯರಿಂಗ್ ಮುಗಿಸಿದವರಿಗೆ 20ರಿಂದ 27ರವರೆಗೆ ಅಂಕಗಳ ಆಧಾರದಲ್ಲೇ ಎಸ್‌ಎಸ್‌ಬಿಗೆ (ಆಫೀಸರ್ ಆಯ್ಕೆಯ ಸಂದರ್ಶನಕ್ಕೆ) ಕರೆಯುವ ತಾಂತ್ರಿಕ ಪ್ರವೇಶಗಳಿವೆ.

ಪದವಿ ಓದುತ್ತಿರುವವರು ಎನ್‌ಸಿಸಿಯನ್ನು ಹಗುರವಾಗಿ ಕಾಣಬೇಡಿ. ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಗ್ರೇಡ್ ಮತ್ತು ಪದವಿಯಲ್ಲಿ ಶೇ. 50 ಇದ್ದರೆ ಲಿಖಿತ ಪರೀಕ್ಷೆಯೇ ಇಲ್ಲದೆ ನೇರ ಎಸ್‌ಎಸ್‌ಬಿ. ಅಗ್ನಿವೀರ್ ಆಯ್ಕೆಯಲ್ಲೂ ಎನ್‌ಸಿಸಿಗೆ ಬೋನಸ್ ಅಂಕ ಸಿಗುತ್ತದೆ. ಎರಡೂ ಕಡೆ ಉಪಯೋಗಕ್ಕೆ ಬರುವ ಕಾಗದ ಇದೊಂದೇ. ಹಾಗಾಗಿ ಕಾಲೇಜು ಆರಿಸುವಾಗಲೇ ಎನ್‌ಸಿಸಿ ಘಟಕ ಇದೆಯೇ ಎಂದು ವಿಚಾರಿಸಿ.

ಹಂತ 3: ಟೇಪು ಹಿಡಿದು ಅಳತೆ ತೆಗೆಯಿರಿ

ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ 166 ಸೆಂ.ಮೀ. ಎತ್ತರ, 77 ಸೆಂ.ಮೀ. ಎದೆ, ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಕ್ಲರ್ಕ್‌ಗೆ 162. ಭೂಸೇನೆಯ ಆಫೀಸರ್‌ಗೆ ಪುರುಷರಿಗೆ ಬೇಕಾದ್ದು 157 ಮಾತ್ರ. ಇದನ್ನು ಎರಡು ಸಲ ಓದಿ. 163 ಸೆಂ.ಮೀ. ಇರುವ ಹುಡುಗನನ್ನು ಜನರಲ್ ಡ್ಯೂಟಿ ನೇಮಕಾತಿಯ ರ‍್ಯಾಲಿಯ ಎತ್ತರದ ಕಂಬದ ಹತ್ತಿರವೇ ವಾಪಸ್ ಕಳಿಸುತ್ತಾರೆ, ಅವನು ‘ಮಿಲಿಟರಿಗೆ ನಾನು ಆಗಲ್ಲ’ ಎಂದು ತೋಟದ ಕೆಲಸಕ್ಕೆ ಮರಳುತ್ತಾನೆ. ಅದೇ ಹುಡುಗನಿಗೆ ಎನ್‌ಡಿಎ ಬಾಗಿಲು ತೆರೆದಿರುತ್ತದೆ, ಯಾರೂ ಹೇಳಿರುವುದಿಲ್ಲ.

ಅಳತೆ ಬೆಳಿಗ್ಗೆ, ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಹಿಡಿದು ತೆಗೆಯಿರಿ. ಸಂಜೆ ಹೊತ್ತಿಗೆ ಎತ್ತರ ಒಂದು ಸೆಂ.ಮೀ.ನಷ್ಟು ಕುಗ್ಗಬಹುದು.

ಕನ್ನಡಿ ಮುಂದೆ ನಿಂತು ಇಷ್ಟನ್ನು ಗಮನಿಸಿ: ಪಾದ ಜೋಡಿಸಿದಾಗ ಮಂಡಿಗಳು ಒತ್ತಿ ಪಾದಗಳೇ ದೂರ ಸರಿಯುತ್ತವೆಯೇ? ಒದ್ದೆ ಪಾದವನ್ನು ಸಿಮೆಂಟ್ ನೆಲದ ಮೇಲೆ ಊರಿದಾಗ ಒಳಬದಿಯ ಕಮಾನು ಖಾಲಿ ಕಾಣುತ್ತದೆಯೇ, ಇಲ್ಲ ಪೂರ್ತಿ ಅಚ್ಚು ಬೀಳುತ್ತದೆಯೇ? ಕಿವಿಯಲ್ಲಿ ಗುಗ್ಗೆ ತುಂಬಿದೆಯೇ? ವೃಷಣದ ಹತ್ತಿರ ಊತ, ಮೂಲವ್ಯಾಧಿ, ಮೂಗಿನ ಒಳಗೋಡೆ ಸೊಟ್ಟ ಇವೆಯೇ? ಇವುಗಳಲ್ಲಿ ಹಲವನ್ನು ಮೊದಲೇ ಸರಿಪಡಿಸಿಕೊಳ್ಳಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಇಎನ್‌ಟಿ, ಕಣ್ಣು, ಮೂಳೆ ವಿಭಾಗಗಳಿಗೆ ಒಮ್ಮೆ ತೋರಿಸಿ ಬನ್ನಿ. ಬಣ್ಣ ಗುರುತಿಸುವ ಪರೀಕ್ಷೆಯನ್ನು ಮರೆಯಬೇಡಿ. ಅದಕ್ಕೆ ಚಿಕಿತ್ಸೆ ಇಲ್ಲ, ಮೊದಲೇ ಗೊತ್ತಾದರೆ ವರ್ಷ ವ್ಯರ್ಥವಾಗುವುದು ತಪ್ಪುತ್ತದೆ.

ನಮ್ಮ ಕಡೆಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದು ಅಡಿಕೆ. ಚಿಕ್ಕಂದಿನಿಂದ ಅಡಿಕೆ, ಗುಟ್ಕಾ ಜಗಿದವರ ಬಾಯಿ ಬಿಗಿಯುತ್ತದೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ ಇವತ್ತೇ ಬಿಟ್ಟು ದಂತವೈದ್ಯರ ಹತ್ತಿರ ಹೋಗಿ. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆಯೂ ಅಷ್ಟೇ ಅಪಾಯ. ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಇದ್ದರೆ ತಿರಸ್ಕಾರವಾಗುತ್ತದೆ. ಬುಡಕಟ್ಟು ಸಮುದಾಯದವರ ಸಾಂಪ್ರದಾಯಿಕ ಹಚ್ಚೆಗೆ ರಿಯಾಯಿತಿ ಇದೆ.

ಹಂತ 4: ಮನೆಯ ಹಣಕಾಸನ್ನು ಕಾಗದದ ಮೇಲೆ ಹಾಕಿ

ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇ. 30 ಸೇವಾ ನಿಧಿ ಎಂಬ ಉಳಿತಾಯಕ್ಕೆ ಹೋಗಿ ಕೈಗೆ ಬರುವುದು 21,000. ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000. ಆಗ ಕೈಗೆ 28,000. ಕೊನೆಯಲ್ಲಿ ನಿಮ್ಮ 5.02 ಲಕ್ಷ, ಸರ್ಕಾರದ 5.02 ಲಕ್ಷ ಸೇರಿ 10.04 ಲಕ್ಷ ಮತ್ತು ಬಡ್ಡಿ, ತೆರಿಗೆ ಇಲ್ಲದೆ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಗರಿಷ್ಠ ಶೇ. 25ರಷ್ಟು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅವರಿಗೆ ಕನಿಷ್ಠ ಇನ್ನೂ 15 ವರ್ಷ ಸೇವೆ. ವರ್ಷಕ್ಕೆ ರಜೆ 30 ದಿನ. ಅಡಿಕೆ ಕೊಯ್ಲಿಗೂ ತಂಗಿ ಮದುವೆಗೂ ಎರಡಕ್ಕೂ ಬರುತ್ತಾನೆ ಎಂದು ಮನೆಯವರು ನೆಚ್ಚಿಕೊಳ್ಳುವಂತಿಲ್ಲ. ಸಾಕಾಯಿತು ಎಂದು ನಡುವೆ ಬಿಟ್ಟು ಬರುವಂತೆಯೂ ಇಲ್ಲ. ಅಸಾಧಾರಣ ಕಾರಣವಿದ್ದರೆ ಮಾತ್ರ ಬಿಡುತ್ತಾರೆ.

ಆಫೀಸರ್ ದಾರಿಯಲ್ಲಿ ದುಡ್ಡು ತಡವಾಗಿ ಬರುತ್ತದೆ. ಎನ್‌ಡಿಎಯ ಮೂರು ವರ್ಷ ಓದು, ಊಟ, ವಸತಿ ಸರ್ಕಾರದ್ದು, ಆದರೆ ಸಂಬಳ ಇಲ್ಲ. ನಂತರದ ಐಎಂಎ ತರಬೇತಿಯಲ್ಲಿ ತಿಂಗಳಿಗೆ 56,100 ಸ್ಟೈಪೆಂಡ್. ಲೆಫ್ಟಿನೆಂಟ್ ಆದಾಗ ಮೂಲವೇತನ 56,100, ಅದರ ಮೇಲೆ 15,500 ಸೇನಾ ಸೇವಾ ವೇತನ ಮತ್ತು ಭತ್ಯೆಗಳು. ಓಟಿಎ ಮೂಲಕ ಹೋದರೆ ಸೇವೆ 10 ವರ್ಷ, 4 ವರ್ಷ ವಿಸ್ತರಣೆ ಸಾಧ್ಯ. ಕಾಯಂ ಆಗದಿದ್ದರೆ ಪಿಂಚಣಿ ಇಲ್ಲ.

ಹಾಗಾಗಿ ಮನೆಯವರನ್ನು ಕೇಳಬೇಕಾದ ಪ್ರಶ್ನೆ ಇದು: ಮುಂದಿನ ನಾಲ್ಕು ವರ್ಷ ನನ್ನ ದುಡಿಮೆ ಇಲ್ಲದೆ ನಡೆಯುತ್ತದೆಯೇ? ಸೊಸೈಟಿ ಸಾಲದ ಕಂತು ಕಟ್ಟಲು ಬೇರೆ ದಾರಿಯೇ ಇಲ್ಲದಿದ್ದರೆ ಅಗ್ನಿವೀರ್ ಆರಿಸುವುದರಲ್ಲಿ ಯಾವ ಸಣ್ಣತನವೂ ಇಲ್ಲ. ನಡೆಯುತ್ತದೆ ಎಂದಾದರೆ, ವಯಸ್ಸು ಇರುವಷ್ಟು ದಿನ ಆಫೀಸರ್ ಪರೀಕ್ಷೆಯನ್ನು ಬಿಡುವುದು ತಪ್ಪು. ಬಹಳ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹುಡುಗನೇ ‘ಅಪ್ಪಯ್ಯಂಗೆ ಕಷ್ಟ’ ಎಂದು ತನಗೆ ತಾನೇ ತೀರ್ಮಾನಿಸಿಬಿಡುತ್ತಾನೆ.

ಹಂತ 5: ಎರಡನ್ನೂ ಒಂದೇ ವರ್ಷದಲ್ಲಿ ಹೊಂದಿಸಿ

ಒಂದನ್ನು ಆರಿಸಿದರೆ ಇನ್ನೊಂದಕ್ಕೆ ಅರ್ಜಿ ಹಾಕಬಾರದು ಎಂಬ ನಿಯಮ ಇಲ್ಲ. ದ್ವಿತೀಯ ಪಿಯುಸಿಯವರು ಡಿಸೆಂಬರ್‌ನಲ್ಲಿ ಯುಪಿಎಸ್‌ಸಿಯ ಎನ್‌ಡಿಎ ಅರ್ಜಿ ಹಾಕಿ, ಶುಲ್ಕ 100 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಣ್ಣುಮಕ್ಕಳಿಗೂ ಶುಲ್ಕ ಇಲ್ಲ. ಅಗ್ನಿವೀರ್ ಅರ್ಜಿ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ನಡುವೆ ತೆರೆಯುತ್ತದೆ, ಶುಲ್ಕ 250. ಪಿಯುಸಿ ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್‌ನ ಎನ್‌ಡಿಎ ಬರುತ್ತದೆ. ಮೇ ತಿಂಗಳಲ್ಲಿ ಮತ್ತೆ ಎನ್‌ಡಿಎ ಅರ್ಜಿ, ಸೆಪ್ಟೆಂಬರ್‌ನಲ್ಲಿ ಪರೀಕ್ಷೆ.

ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳು ಮಂಗಳೂರು ಸೇನಾ ನೇಮಕಾತಿ ಕಚೇರಿಗೆ ಸೇರುತ್ತವೆ. ಹಾಸನ, ಕೊಡಗಿನವರು ಬೆಂಗಳೂರಿನದಕ್ಕೆ. ರ‍್ಯಾಲಿ ನಡೆಯುವ ಊರು ಪ್ರತಿ ವರ್ಷ ಬದಲಾಗುತ್ತದೆ. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ರ‍್ಯಾಲಿ. ಈಗಲೂ ಬರೀ ಓಡಿ ಓಡಿ ತಯಾರಾಗಿ ಪರೀಕ್ಷೆಯಲ್ಲಿ ಬೀಳುವವರು ಇದ್ದಾರೆ. 2025ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅರ್ಜಿ ತುಂಬುವಾಗ ಭಾಷೆಯನ್ನು ಸರಿಯಾಗಿ ಆರಿಸಿ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ.

ಹೆಣ್ಣುಮಕ್ಕಳ ವಿಷಯ ಬೇರೆ. ಭೂಸೇನೆಯಲ್ಲಿ ಅಗ್ನಿವೀರರಾಗಿ ಅವರಿಗಿರುವುದು ಮಿಲಿಟರಿ ಪೊಲೀಸ್ ವಿಭಾಗ ಮಾತ್ರ, ಹುದ್ದೆಗಳೂ ಕಡಿಮೆ. ಆದ್ದರಿಂದ ಎನ್‌ಡಿಎ, ಓಟಿಎ, ಎನ್‌ಸಿಸಿ ಪ್ರವೇಶಗಳನ್ನು ಅವರು ಮೊದಲ ಆಯ್ಕೆಯಾಗಿಯೇ ನೋಡಬೇಕು.

ಹಂತ 6: ದಾಖಲೆ, ಅದರಲ್ಲೂ ಹೆಸರು

ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಎಚ್. ಕೆ.’, ಆಧಾರ್‌ನಲ್ಲಿ ‘ಮಂಜುನಾಥ’, ಅಪ್ಪನ ಹೆಸರು ಒಂದು ಕಡೆ ‘ಕೃಷ್ಣಪ್ಪ’, ಇನ್ನೊಂದು ಕಡೆ ‘ಕೃಷ್ಣಪ್ಪ ಗೌಡ’. ನಮ್ಮಲ್ಲಿ ಇದು ಮನೆಮನೆಯ ಕಥೆ. ಸೇನೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೂಲ. ಆಧಾರ್ ಅದಕ್ಕೆ ಅಕ್ಷರ ಅಕ್ಷರ ಹೊಂದಬೇಕು, ಇನಿಷಿಯಲ್ ಸಹಿತ. ಅರ್ಜಿ ತೆರೆಯುವುದಕ್ಕೆ ಮೂರು ತಿಂಗಳು ಮೊದಲೇ ತಿದ್ದಿಸಿ.

ರ‍್ಯಾಲಿಗೆ ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ, ನಡತೆ ಪ್ರಮಾಣಪತ್ರ ಶಾಲೆಯಿಂದಲೂ ಊರಿನಿಂದಲೂ, ಅವಿವಾಹಿತ ಪ್ರಮಾಣಪತ್ರ, ಎನ್‌ಸಿಸಿ ಇದ್ದರೆ ಅದು. ಅಧಿಸೂಚನೆಯಲ್ಲಿ ಕೊಟ್ಟ ನಮೂನೆಯಲ್ಲೇ, ಇಂಗ್ಲಿಷ್‌ನಲ್ಲಿ, ಫೋಟೊ ಅಂಟಿಸಿ ಸೀಲು ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಕೈಕೊಡುವುದು ಗೊತ್ತೇ ಇದೆ. ಕೊನೆಯ ದಿನಕ್ಕೆ ಸೈಬರ್ ಸೆಂಟರ್‌ಗೆ ಓಡಬೇಡಿ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಿ. ಸೈಬರ್‌ನವರ ಇಮೇಲ್ ಕೊಟ್ಟು ಪ್ರವೇಶ ಪತ್ರ ಬಂದದ್ದೇ ಗೊತ್ತಾಗದೆ ಹೋಗುವವರಿದ್ದಾರೆ.

ಹಂತ 7: ತಯಾರಿ

ಓಟ. ಅಗ್ನಿವೀರ್ ದೈಹಿಕ ಪರೀಕ್ಷೆಯಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್‌ಗೆ 40. ಆರಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ. 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ಕಂಬದ ಮೇಲೆ ನಡೆಯುವುದು ಪಾಸಾದರೆ ಸಾಕು. 5:30 ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ ಸುಮಾರು 82 ಸೆಕೆಂಡು. ವಾರಕ್ಕೆ ಎರಡು ದಿನ ಒಂದೊಂದು ಸುತ್ತನ್ನು 80 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡಿ. ನಾಲ್ಕು ಸುತ್ತಿನಿಂದ ಶುರು ಮಾಡಿ ಆರಕ್ಕೆ ಏರಿಸಿ. ಎರಡು ದಿನ 4–5 ಕಿ.ಮೀ. ನಿಧಾನ ಓಟ. ಹನ್ನೆರಡು ವಾರ ಬೇಕು.

ನಮ್ಮ ನೆಲದ ತೊಂದರೆ ಇಳಿಜಾರು. ಏರು ಹತ್ತಿ ಓಡುವುದು ಶಕ್ತಿ ಕೊಡುತ್ತದೆ, ಇಳಿಯುವಾಗ ಓಡಿದರೆ ಮಂಡಿ, ಕಣಕಾಲಿನ ಮುಂಭಾಗ ನೋಯುತ್ತವೆ. ಏರನ್ನು ಓಡಿ, ಇಳಿಜಾರನ್ನು ನಡೆದು ಬನ್ನಿ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬೆರಳಿಟ್ಟರೆ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ಓಟ ನಿಲ್ಲಿಸಿ. ಅದು ಎಲುಬು ಬಿರುಕು ಬಿಡುವ ಸೂಚನೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಅಂಗಳ, ಕೆಸರಿನ ಮೈದಾನದಲ್ಲಿ ವೇಗದ ಓಟ ಬೇಡ. ಆ ತಿಂಗಳುಗಳನ್ನು ಪುಲ್‌ಅಪ್‌ಗೂ ಓದಿಗೂ ಇಟ್ಟುಕೊಳ್ಳಿ, ವೇಗದ ಅಭ್ಯಾಸ ತಾಲ್ಲೂಕು ಕ್ರೀಡಾಂಗಣದಲ್ಲಿ ಮಳೆ ಬಿಡುವು ಕೊಟ್ಟಾಗ.

ಎನ್‌ಡಿಎ ಲಿಖಿತ. 900 ಅಂಕಕ್ಕೆ ಇತ್ತೀಚಿನ ಕೆಲವು ವರ್ಷಗಳಲ್ಲಿ ಕಟ್‌ಆಫ್ ಸುಮಾರು 290ರಿಂದ 360ರ ನಡುವೆ ಇದೆ. ಅಂದರೆ ನೂರಕ್ಕೆ ನಲವತ್ತು ತೆಗೆಯುವವನು ದಾಟುತ್ತಾನೆ. ಇದು ರ‍್ಯಾಂಕ್ ಹುಡುಗರಿಗೆ ಮಾತ್ರ ಎಂಬ ಭಯಕ್ಕೆ ಆಧಾರವಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ತಪ್ಪಿಗೆ ಮೂರನೇ ಒಂದು ಭಾಗ ಅಂಕ ಹೋಗುತ್ತದೆ. ಗೊತ್ತಿಲ್ಲದ್ದನ್ನು ಬಿಡುವ ಅಭ್ಯಾಸವೇ ಇಲ್ಲಿ ಅರ್ಧ ಗೆಲುವು. ಕನ್ನಡ ಮಾಧ್ಯಮದವರು ಎನ್‌ಸಿಇಆರ್‌ಟಿ ಗಣಿತವನ್ನು ಇಂಗ್ಲಿಷ್‌ನಲ್ಲೇ ಓದಲು ಶುರು ಮಾಡಿ.

ಎಸ್‌ಎಸ್‌ಬಿ. ಐದು ದಿನದ ಸಂದರ್ಶನ. ಭೂಸೇನೆಯ ದಕ್ಷಿಣದ ಆಯ್ಕೆ ಕೇಂದ್ರ ಬೆಂಗಳೂರಿನಲ್ಲಿದೆ, ವಾಯುಪಡೆಯದೊಂದು ಮೈಸೂರಿನಲ್ಲಿದೆ. ಹೆಚ್ಚಿನವರು ಮೊದಲ ದಿನವೇ ವಾಪಸಾಗುತ್ತಾರೆ: ಮಸುಕು ಚಿತ್ರವೊಂದನ್ನು 30 ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ, ಅದನ್ನು ಗುಂಪಿನ ಮುಂದೆ ಹೇಳಿ ಚರ್ಚಿಸಬೇಕು. ಮಲೆನಾಡಿನ ಹುಡುಗರು ಬೀಳುವುದು ಇಂಗ್ಲಿಷ್ ತಪ್ಪಾಗಿದ್ದಕ್ಕಲ್ಲ, ಗದ್ದಲದಲ್ಲಿ ಬಾಯಿ ತೆರೆಯದ್ದಕ್ಕೆ. ಪತ್ರಿಕೆಯ ಒಂದು ಫೋಟೊ ನೋಡಿ ಒಂದು ನಿಮಿಷದ ಕಥೆಯನ್ನು ಸರಳ ಇಂಗ್ಲಿಷ್‌ನಲ್ಲಿ ಮೊಬೈಲ್‌ಗೆ ದಿನಾ ರೆಕಾರ್ಡ್ ಮಾಡಿ, ಕೇಳಿ. ಗೆಳೆಯರು ನಾಲ್ಕೈದು ಜನ ಸಿಕ್ಕರೆ ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಸೇರಿಕೊಳ್ಳುವುದನ್ನು ಅಭ್ಯಾಸ ಮಾಡಿ. ಸಂದರ್ಶನದಲ್ಲಿ ನಿಮ್ಮ ತೋಟ ಎಷ್ಟು ಗುಂಟೆ, ಕೊಳೆರೋಗಕ್ಕೆ ಏನು ಮಾಡುತ್ತೀರಿ, ಅಡಿಕೆ ದರ ಏಕೆ ಏರಿಳಿಯುತ್ತದೆ ಎಂದು ಕೇಳಬಹುದು. ಗೊತ್ತಿರುವುದನ್ನು ನೇರವಾಗಿ ಹೇಳಿ, ಕೋಚಿಂಗ್‌ನಲ್ಲಿ ಕಲಿತ ಉತ್ತರ ಬೇಡ.

ಹಂತ 8: ದಲ್ಲಾಳಿಯನ್ನು ಗುರುತಿಸಿ

‘ಮೆಡಿಕಲ್ ನಾನು ನೋಡ್ಕೋತೀನಿ’, ‘ಒರಿಜಿನಲ್ ಮಾರ್ಕ್ಸ್‌ಕಾರ್ಡ್ ನನ್ನ ಹತ್ರ ಇರ್ಲಿ’, ‘ಸೆಲೆಕ್ಷನ್ ಆದ್ಮೇಲೆ ದುಡ್ಡು ಕೊಟ್ರೆ ಸಾಕು’: ಈ ಮೂರರಲ್ಲಿ ಒಂದು ಮಾತು ಕೇಳಿದರೂ ಎದ್ದು ಬನ್ನಿ. ಸ್ವಂತವಾಗಿ ಆಯ್ಕೆಯಾದವನಿಂದಲೂ ಅವರು ‘ನಾನೇ ಮಾಡಿಸಿದ್ದು’ ಎಂದು ಹಣ ಕೀಳುತ್ತಾರೆ. ಮೂಲ ದಾಖಲೆ ಯಾರ ಕೈಗೂ ಕೊಡಬೇಡಿ.

ಹಂತ 9: ಫಲಿತಾಂಶ ಬಂದ ಮೇಲೆ

ಎರಡೂ ಕಡೆ ಆಯ್ಕೆಯಾದರೆ ಆಫೀಸರ್ ತರಬೇತಿಗೆ ಹೋಗಿ. ಇಲ್ಲಿ ಹಿಂದೆಮುಂದೆ ನೋಡಬೇಕಾಗಿಲ್ಲ. ಅಗ್ನಿವೀರ್ ಕರೆ ಬಂದಿದೆ, ಎನ್‌ಡಿಎ ಅವಕಾಶ ಇನ್ನೂ ಎರಡು ಉಳಿದಿವೆ, ಮನೆಯಲ್ಲಿ ತುರ್ತು ಇಲ್ಲ ಎಂದಾದರೆ ಕಾಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅಗ್ನಿವೀರ್ ವಯೋಮಿತಿ ಅದಕ್ಕಿಂತ ತಡವಾಗಿ ಮುಗಿಯುತ್ತದೆ.

ಎಸ್‌ಎಸ್‌ಬಿ ಪಾಸಾಗಿ ವೈದ್ಯಕೀಯದಲ್ಲಿ ತಾತ್ಕಾಲಿಕ ಅನರ್ಹ ಎಂದರೆ ಅಲ್ಲಿಗೆ ಮುಗಿಯಲಿಲ್ಲ. 42 ದಿನದೊಳಗೆ ಮೇಲ್ಮನವಿ ವೈದ್ಯಕೀಯ ಮಂಡಳಿ ಮುಂದೆ ಹಾಜರಾಗಬಹುದು. ಯಾವ ಕಾರಣ ಬರೆದಿದ್ದಾರೋ ಅದರ ಕಾಗದ ತೆಗೆದುಕೊಂಡು ಮಾರನೇ ದಿನವೇ ತಜ್ಞರನ್ನು ಕಾಣಿ.

ಅಗ್ನಿವೀರನಾಗಿ ಹೊರಟವರು ಮನೆ ಬಿಡುವ ಮೊದಲು ಪದವಿ ಓದಿನ ವ್ಯವಸ್ಥೆ ತಿಳಿದುಕೊಂಡಿರಿ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಗ್ನಿವೀರರಿಗೆಂದೇ ಮೂರು ವರ್ಷದ ಪದವಿ ಇದೆ, ಅದರ ಅರ್ಧ ಕ್ರೆಡಿಟ್ ಸೇನಾ ತರಬೇತಿಯಿಂದಲೇ ಸಿಗುತ್ತದೆ, ಪಿಯುಸಿ ಆಗಿರಬೇಕು. ಮೊದಲ ಪುಟದಲ್ಲಿ ಬರೆದ ದಿನಾಂಕಗಳ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಅಂಕಪಟ್ಟಿ ಮತ್ತು ಎನ್‌ಸಿಸಿ ಪ್ರಮಾಣಪತ್ರಗಳ ಎರಡೆರಡು ದೃಢೀಕೃತ ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ.